ಶಾಲೆಯ ಲೆಕ್ಕದಲ್ಲಿ ಊರಿನ ಮಾತು

(ಉಡುಪಿ ಜಿಲ್ಲೆಯ ಕಾರ್ಕಳ ತಾಲೂಕಿನ ಬಜಗೋಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಶಾಲೆಯ ಬಗ್ಗೆ ನಾವು ವೇದಿಕೆಯಲ್ಲಿ ಮಾತಾಡುವುದು ಹೆಚ್ಚಾಗಿ ಮಾಧ್ಯಮ, ಮೌಲ್ಯ, ಫಲಿತಾಂಶ ಇಂಥವುಗಳ ಬಗ್ಗೆ. ಹಣದ ಮಾತು ಬಂದರೆ ಅದು ಇಲಾಖೆಗೆ ಸೇರಿದ್ದು ಎಂದು ಬದಿಗಿಡುತ್ತೇವೆ, ಇಲ್ಲವೇ ಊರಿನ ದಾನಿಗಳ ಕಡೆ ತಿರುಗುತ್ತೇವೆ. ಇವೆರಡರ ನಡುವೆ ಇನ್ನೊಂದು ಜಾಗ ಇದೆ. ಸರ್ಕಾರಿ ಶಾಲೆಗೆ ಮುಂದಿನ ವರ್ಷ ಏನು ಬೇಕು, ಅದಕ್ಕೆ ಎಷ್ಟು ಖರ್ಚು ತಗಲುತ್ತದೆ, ಯಾವುದು ಮೊದಲು ಆಗಬೇಕು ಎಂದು ಊರೇ ಕುಳಿತು ಬರೆದು, ಸಹಿ ಹಾಕಿ, ಮೇಲಕ್ಕೆ ಕಳಿಸುವ ಜಾಗ. ಕಾನೂನು ಅದನ್ನು ನಮಗೆ ಕೊಟ್ಟು ಹದಿನೈದು ವರ್ಷ ದಾಟಿದೆ. ನಾವಿನ್ನೂ ಹೋಗಿ ಅಲ್ಲಿ ಕುಳಿತಿಲ್ಲ. ಇವತ್ತು ನನಗೆ ಹೇಳಲಿಕ್ಕಿರುವುದು ಇದನ್ನೇ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಎಂದರೆ ಖಾಸಗಿ ಶಾಲೆಗಳ ಶೇ. 25ರಷ್ಟು ಸೀಟು ಎಂದೇ ಜನರ ನೆನಪಿನಲ್ಲಿ ಉಳಿದಿದೆ. ಅದೇ ಕಾಯ್ದೆಯ 21 ಮತ್ತು 22ನೇ ಸೆಕ್ಷನ್‌ಗಳನ್ನು ಓದಿದವರು ಕಡಿಮೆ. 21ನೆಯದು ಶಾಲೆಗೊಂದು ಸಮಿತಿ ಬೇಕು ಎನ್ನುತ್ತದೆ; ನಮ್ಮಲ್ಲಿ ಅದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ. ಅದರಲ್ಲಿ ಮುಕ್ಕಾಲು ಪಾಲು ಸದಸ್ಯರು ತಂದೆ ತಾಯಂದಿರು ಅಥವಾ ಪೋಷಕರೇ ಆಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರಿರಬೇಕು, ಹಿಂದುಳಿದ ಮತ್ತು ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನ ಇರಬೇಕು. ಶಾಲೆ ನಡೆಯುವ ರೀತಿಯನ್ನು ನೋಡಿಕೊಳ್ಳುವುದು, ಶಾಲಾಭಿವೃದ್ಧಿ ಯೋಜನೆಯನ್ನು ತಯಾರಿಸುವುದು, ಸರ್ಕಾರದಿಂದಾಗಲಿ ಪಂಚಾಯತ್‌ನಿಂದಾಗಲಿ ಬೇರೆಲ್ಲಿಂದಾಗಲಿ ಬಂದ ಹಣ ಹೇಗೆ ಖರ್ಚಾಯಿತು ಎಂದು ಗಮನಿಸುವುದು ಆ ಸಮಿತಿಯ ಕೆಲಸ. 22ನೆಯದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸಮಿತಿ ಬರೆದ ಆ ಯೋಜನೆಯೇ ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ಶಾಲೆಗೆ ಕೊಡುವ ಅನುದಾನಕ್ಕೆ ಆಧಾರ ಆಗತಕ್ಕದ್ದು ಎನ್ನುತ್ತದೆ. ಈ ಮಾತನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ. ಮೊದಲು ಯೋಜನೆ, ಆಮೇಲೆ ಅನುದಾನ: ಇದು ಕಾನೂನು ಹೇಳಿದ ಕ್ರಮ.

ಯೋಜನೆ ಹೇಗಿರಬೇಕು ಎಂದು 2010ರ ಕೇಂದ್ರ ಮಾದರಿ ನಿಯಮಗಳಲ್ಲಿ ಬರೆದಿದ್ದಾರೆ. ಮೂರು ವರ್ಷಕ್ಕೆ ಒಂದು ಯೋಜನೆ, ಅದರೊಳಗೆ ವರ್ಷಕ್ಕೊಂದು ಉಪಯೋಜನೆ. ತರಗತಿವಾರು ಎಷ್ಟು ಮಕ್ಕಳು ಬರಬಹುದು, ಇನ್ನೆಷ್ಟು ಶಿಕ್ಷಕರು ಬೇಕು, ಯಾವ ಕಟ್ಟಡ, ಯಾವ ಸಲಕರಣೆ ಬೇಕು, ಅದಕ್ಕೆಲ್ಲ ಯಾವ ವರ್ಷ ಎಷ್ಟು ಹಣ ಬೇಕು ಎಂಬ ಅಂದಾಜು ಅದರಲ್ಲಿರಬೇಕು. ಇದಕ್ಕೆ ಎಂಜಿನಿಯರ್ ಬೇಕಿಲ್ಲ. ಸ್ವಂತ ಮನೆಯ ಮಾಡು ರಿಪೇರಿಗೆ ಎಷ್ಟಾಯಿತೆಂದು ಗೊತ್ತಿರುವವರು, ಬಾವಿ ತೋಡಿಸಿದವರು, ವೈರಿಂಗ್ ಮಾಡುವವರು, ಮುರಕಲ್ಲಿನ ದರ ತಿಳಿದವರು ಪ್ರತಿಯೊಂದು ಶಾಲೆಯ ಪೋಷಕರ ಸಾಲಿನಲ್ಲೇ ಇದ್ದಾರೆ.

ನಡೆಯುತ್ತಿರುವುದು ಏನು? 2018ರಿಂದ ಈಚೆಗೆ ಸಮಗ್ರ ಶಿಕ್ಷಣ ಯೋಜನೆಯಡಿ ಶಾಲೆಗೆ ಬರುವ ಸಂಯುಕ್ತ ಅನುದಾನ ಮಕ್ಕಳ ತಲೆ ಎಣಿಕೆಯ ಮೇಲೆ ನಿಂತಿದೆ. 30ರವರೆಗೆ ಮಕ್ಕಳಿದ್ದರೆ ವರ್ಷಕ್ಕೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, ಸಾವಿರದವರೆಗೆ 75,000, ಅದಕ್ಕೂ ಮೇಲಿದ್ದರೆ ಒಂದು ಲಕ್ಷ. ಇದರಲ್ಲಿ ಕನಿಷ್ಠ ಶೇ. 10ರಷ್ಟನ್ನು ಸ್ವಚ್ಛತೆಗೆ ಇಡಬೇಕು. ಸಂಬಳ, ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟ, ಹಾಲು ಇವೆಲ್ಲ ಬೇರೆ ಲೆಕ್ಕ. ಸುಣ್ಣಬಣ್ಣ, ಚಾಕ್‌ಪೀಸು, ರಿಜಿಸ್ಟರು, ಮುರಿದ ಬೆಂಚು, ಕೆಟ್ಟ ಪಂಪು, ಆಟದ ಚೆಂಡು ಎಲ್ಲ ಈ ಒಂದೇ ಮೊತ್ತದಲ್ಲಿ ನಡೆಯಬೇಕು. 60 ಮಕ್ಕಳಿರುವ ಶಾಲೆಗೆ 25,000 ಎಂದರೆ ಒಂದು ಮಗುವಿಗೆ ವರ್ಷಕ್ಕೆ ಸುಮಾರು 417 ರೂಪಾಯಿ. ಸ್ವಚ್ಛತೆಯ ಪಾಲು 2,500. ವರ್ಷಕ್ಕೆ 200 ದಿನ ಶಾಲೆ ನಡೆಯುತ್ತದೆ ಎಂದು ಹಿಡಿದರೂ 60 ಮಕ್ಕಳು ಬಳಸುವ ಶೌಚಾಲಯಕ್ಕೆ ದಿನಕ್ಕೆ 12 ರೂಪಾಯಿ 50 ಪೈಸೆ. ಒಂದು ಬಾಟಲಿ ಫಿನಾಯಿಲ್ ಎಷ್ಟು ದಿನ ಬರುತ್ತದೆ, ತೊಳೆಯುವವರಿಗೆ ಏನು ಕೊಡಬೇಕು ಎಂದು ಮನೆ ನಡೆಸುವ ತಾಯಂದಿರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಸೂಕ್ಷ್ಮ ನೋಡಿ. 30 ಮಕ್ಕಳಿದ್ದಲ್ಲಿ 10,000. 31 ಇದ್ದರೆ 25,000. ಒಂದು ಮಗುವಿನ ಹೆಸರು ಪಟ್ಟಿಯಲ್ಲಿ ಇರುವುದು ಇಲ್ಲದಿರುವುದು ಶಾಲೆಗೆ 15,000 ರೂಪಾಯಿಯ ವ್ಯತ್ಯಾಸ. ಒಂದು ಮನೆಯವರು ಮಗುವನ್ನು ಹಳದಿ ವ್ಯಾನು ಹತ್ತಿಸಿದ ವರ್ಷ ಉಳಿದ 30 ಮಕ್ಕಳ ಶಾಲೆಗೆ ಬರುವ ಹಣ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಮಕ್ಕಳು ಕಡಿಮೆಯಾದರೆಂದು ಮಾಡಿನ ಹಂಚು ಕಡಿಮೆಯಾಗುವುದಿಲ್ಲ. ಬಾವಿಯ ಆಳ, ಕಾಂಪೌಂಡಿನ ಉದ್ದ ಯಾವುದೂ ಬದಲಾಗುವುದಿಲ್ಲ.

ನಮ್ಮ ಜಿಲ್ಲೆಗೆ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ಬಜಗೋಳಿಯಿಂದ ಮಾಳದ ಕಡೆ, ಘಟ್ಟದ ಬುಡಕ್ಕೆ ಹೋದಂತೆ ಅದು ಇನ್ನೂ ಜಾಸ್ತಿ. ಜೂನ್‌ನಲ್ಲಿ ಶಾಲೆ ಶುರುವಾಗುವುದೂ ಮಳೆ ಶುರುವಾಗುವುದೂ ಒಟ್ಟಿಗೆ. ಗೋಡೆಗೆ ಪಾಚಿ, ಪಕ್ಕಾಸಿಗೆ ಗೆದ್ದಲು, ಕರೆಂಟಿನ ಬೋರ್ಡಿಗೆ ನೀರು. ಬಯಲುಸೀಮೆಯ ಶಾಲೆಗೆ ಬೇಸಗೆಯ ನೀರಿನ ಕಷ್ಟ ನಮಗಿಂತ ಹತ್ತು ಪಟ್ಟು ಹೆಚ್ಚಿರಬಹುದು. ಅವರ ಅಂದಾಜುಪಟ್ಟಿಯಲ್ಲಿ ಟ್ಯಾಂಕು ಮೊದಲು ಬರಬೇಕು, ನಮ್ಮದರಲ್ಲಿ ಮಾಡು. ಆದರೆ ತಲೆ ಎಣಿಕೆಯ ಲೆಕ್ಕಕ್ಕೆ ಮಳೆಯೂ ಗೊತ್ತಿಲ್ಲ, ಬಿಸಿಲೂ ಗೊತ್ತಿಲ್ಲ. ಹಣಕಾಸಿನ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಮಾಡು ರಿಪೇರಿ ಆಗಬೇಕಾದದ್ದು ಏಪ್ರಿಲ್, ಮೇ ತಿಂಗಳಲ್ಲಿ. ಆ ಹೊತ್ತಿಗೆ ಹೊಸ ವರ್ಷದ ಅನುದಾನ ಬಿಡುಗಡೆಯಾಗಿರುವುದಿಲ್ಲ, ಹಳೆಯದು ಮುಗಿದಿರುತ್ತದೆ. ಈಗಿನ ಪದ್ಧತಿಯಲ್ಲಿ ಶಾಲೆಯ ಖಾತೆಗೆ ಹಣ ಬಂದು ಕೂರುವುದೂ ಇಲ್ಲ. ಇಷ್ಟರ ತನಕ ಖರ್ಚು ಮಾಡಬಹುದು ಎಂಬ ಮಿತಿ ಮಾತ್ರ ಬರುತ್ತದೆ. ವರ್ಷದ ಕೊನೆಗೆ ಬಳಸದೆ ಉಳಿದದ್ದು ಶಾಲೆಯ ಕೈ ತಪ್ಪುತ್ತದೆ. ಮಳೆಗಾಲಕ್ಕೆ ಮೊದಲು ಬೇಕು ಎಂದು ಹಿಂದಿನ ನವೆಂಬರ್‌ನಲ್ಲೇ ಬರೆದು ಕಳಿಸಿದ ಯೋಜನೆ ಇದ್ದರೆ ಕೇಳಲಿಕ್ಕೆ ಒಂದು ಆಧಾರ ಇರುತ್ತದೆ. ಇಲ್ಲದಿದ್ದರೆ ಮುಖ್ಯ ಶಿಕ್ಷಕರು ಬಕೆಟ್ ಇಟ್ಟು ಸೋರುವ ನೀರು ಹಿಡಿಯಬೇಕು.

ಮೇಲಿನ ಹಂತದ ಮಾತನ್ನೂ ಹೇಳಬೇಕು. ಸರ್ಕಾರಿ ಶಾಲೆಗೆ ತಗಲುವ ಹಣದಲ್ಲಿ ಬಹುಪಾಲು ಶಿಕ್ಷಕರ ಸಂಬಳ. ಅದು ಬೆಂಗಳೂರಿನ ಬಜೆಟ್‌ನಲ್ಲಿ ತೀರ್ಮಾನವಾಗಿ ಜಿಲ್ಲಾವಲಯದ ಮೂಲಕ ಬರುತ್ತದೆ. ರಾಜ್ಯ ಬಜೆಟ್‌ನೊಂದಿಗೆ ಪ್ರತಿವರ್ಷ ಲಿಂಕ್ ಡಾಕ್ಯುಮೆಂಟ್ ಎಂಬ ದಪ್ಪ ಪುಸ್ತಕ ಬರುತ್ತದೆ. ಯಾವ ಜಿಲ್ಲೆಗೆ, ಯಾವ ತಾಲೂಕಿಗೆ, ಯಾವ ಬಾಬ್ತಿಗೆ ಎಷ್ಟು ಎಂದು ಅದರಲ್ಲಿ ಇರುತ್ತದೆ. ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಕಾಲದಲ್ಲಿ, 1983ರ ಕಾನೂನಿನಂತೆ 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆದಾಗ ಜಿಲ್ಲೆಯ ಶಾಲೆಗಳ ಹಣದ ಬಗ್ಗೆ ಜಿಲ್ಲೆಯ ಜನಪ್ರತಿನಿಧಿಗಳೇ ಕೂತು ಚರ್ಚಿಸುವ ದಾರಿ ತೆರೆಯಿತು. 1993ರ ಪಂಚಾಯತ್ ರಾಜ್ ಕಾಯ್ದೆ ಅದನ್ನು ಮುಂದುವರಿಸಿತು. ಆದರೆ 2021ರಲ್ಲಿ ಅವಧಿ ಮುಗಿದ ಮೇಲೆ ಜಿಲ್ಲಾ ಪಂಚಾಯತ್, ತಾಲೂಕು ಪಂಚಾಯತ್‌ಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಬೈಂದೂರು, ಕುಂದಾಪುರ, ಬ್ರಹ್ಮಾವರ, ಉಡುಪಿ, ಕಾರ್ಕಳ ಎಂಬ ನಮ್ಮ ಐದು ಶೈಕ್ಷಣಿಕ ವಲಯಗಳ ಶಾಲೆಗಳ ಬೇಕು ಬೇಡಗಳನ್ನು ಸಭೆಯಲ್ಲಿ ಎದ್ದು ನಿಂತು ಕೇಳುವ ಚುನಾಯಿತ ಸದಸ್ಯ ಆ ಖುರ್ಚಿಯಲ್ಲಿ ಇಲ್ಲ. ಅಧಿಕಾರಿಗಳು ಎಷ್ಟೇ ದಕ್ಷರಾಗಿರಲಿ, ಇದು ಪ್ರಜಾಪ್ರಭುತ್ವಕ್ಕೆ ಆಗಿರುವ ದೊಡ್ಡ ಗಾಯ ಎಂದೇ ನಾನು ತಿಳಿದಿದ್ದೇನೆ. ಮೇಲಿನ ಮೆಟ್ಟಿಲು ಮುರಿದಿರುವಾಗ ಕೆಳಗಿನ ಗ್ರಾಮಸಭೆ, ಎಸ್‌ಡಿಎಂಸಿಗಳ ಹೊಣೆ ಇನ್ನೂ ಹೆಚ್ಚುತ್ತದೆ.

ಊರು ತನ್ನ ಶಾಲೆಗೆ ಹಣ ಹೊಂದಿಸುವುದು ನಮಗೆ ಹೊಸತಲ್ಲ. ನಮ್ಮ ಉಡುಪಿಯೂ ಸೇರಿದ್ದ ಆಗಿನ ದಕ್ಷಿಣ ಕನ್ನಡ 1956ರವರೆಗೆ ಮದರಾಸಿಗೆ ಸೇರಿತ್ತು. 1884ರ ಕಾನೂನಿನಂತೆ ಬಂದ ಜಿಲ್ಲಾ ಬೋರ್ಡು, ತಾಲೂಕು ಬೋರ್ಡುಗಳು ಶಾಲೆಗಳನ್ನು ನಡೆಸುತ್ತಿದ್ದವು. ಹಿರಿಯರ ಬಾಯಲ್ಲಿ ಈಗಲೂ ‘ಬೋರ್ಡು ಶಾಲೆ’ ಎಂಬ ಮಾತು ಉಳಿದಿರುವುದು ಅದರಿಂದ. ಅದಕ್ಕೂ ಹಿಂದೆ ಐಗಳ ಮಠಗಳಿದ್ದವು. ಅವುಗಳ ಪಕ್ಕದಲ್ಲೇ ಗ್ರಾಂಟಿನಿಂದ ನಡೆಯುವ ಅನುದಾನಿತ ಶಾಲೆಗಳು ಬೆಳೆದವು. 1920ರ ಮದರಾಸು ಪ್ರಾಥಮಿಕ ಶಿಕ್ಷಣ ಕಾಯ್ದೆ ಜಿಲ್ಲೆಗೊಂದು ಶಿಕ್ಷಣ ಮಂಡಳಿ ಮಾಡಿತು. ಸ್ಥಳೀಯ ಸಂಸ್ಥೆ ಶಿಕ್ಷಣ ತೆರಿಗೆ ಹಾಕಿದರೆ ಸರ್ಕಾರವೂ ತನ್ನ ಪಾಲು ಸೇರಿಸುವ ಏರ್ಪಾಡು ಅದರಲ್ಲಿತ್ತು. ಪುತ್ತೂರಿನ ಮೊಳಹಳ್ಳಿ ಶಿವರಾಯರಂಥವರು ಸಹಕಾರ ಸಂಘಗಳನ್ನೂ ಶಾಲೆಗಳನ್ನೂ ಒಟ್ಟೊಟ್ಟಿಗೆ ಕಟ್ಟಿದ ಕಾಲ ಅದು. ಆಗ ಮತ ಹಾಕುವ ಹಕ್ಕು ಕೆಲವೇ ಮಂದಿಗೆ ಇತ್ತು, ಗೇಣಿ ಒಕ್ಕಲಿನವನ ಮಾತನ್ನು ಬೋರ್ಡಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಆ ಕಾಲ ಒಳ್ಳೆಯದಿತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ತೆರಿಗೆ ಕೊಡುವವನಿಗೆ ಅದು ಶಾಲೆಗೆ ಹೋಗುತ್ತದೆ ಎಂದು ತಿಳಿದಿತ್ತು. ಇವತ್ತು ನಮ್ಮ ಮನೆತೆರಿಗೆಯ ರಶೀದಿಯಲ್ಲಿ ಶಿಕ್ಷಣ ಕರ ಎಂಬ ಸಾಲು ಇದೆ. ಆರೋಗ್ಯ ಕರ, ಗ್ರಂಥಾಲಯ ಕರಗಳ ಜೊತೆಗೆ ಅದನ್ನೂ ಕಟ್ಟುತ್ತೇವೆ. ಮಗು ಯಾವ ಶಾಲೆಗೇ ಹೋಗಲಿ, ಮನೆಯಲ್ಲಿ ಮಕ್ಕಳೇ ಇಲ್ಲದಿರಲಿ, ಕಟ್ಟುತ್ತೇವೆ. ಹಾಗಿರುವಾಗ ಸರ್ಕಾರಿ ಶಾಲೆಯ ಲೆಕ್ಕ ಅಲ್ಲಿ ಮಕ್ಕಳನ್ನು ಕಳಿಸುವವರಿಗೆ ಮಾತ್ರ ಸೇರಿದ್ದು ಎಂದು ಹೇಳುವ ಹಾಗಿಲ್ಲ.

ಇನ್ನು ದಾನದ ವಿಷಯ. ಇದನ್ನು ನೋಯಿಸದೆ ಹೇಳಬೇಕು, ಆದರೆ ಹೇಳಲೇಬೇಕು. ಉಡುಪಿ ಜಿಲ್ಲೆಯಲ್ಲಿ ಸರ್ಕಾರಿ ಶಾಲೆಗಳು ಉಳಿದಿದ್ದರೆ ಅದರಲ್ಲಿ ದಾನಿಗಳ ಪಾಲು ಬಹಳ ದೊಡ್ಡದು. ಮುಂಬೈಯಲ್ಲಿ ಹೋಟೆಲು ನಡೆಸಿದವರು, ಕೊಲ್ಲಿ ದೇಶಗಳಲ್ಲಿ ದುಡಿದವರು, ಹಳೆ ವಿದ್ಯಾರ್ಥಿ ಸಂಘದವರು ಕೋಣೆ ಕಟ್ಟಿಸಿದ್ದಾರೆ, ರಂಗಮಂದಿರ ಕಟ್ಟಿಸಿದ್ದಾರೆ, ಶಾಲೆಗೆ ವಾಹನ ಕೊಟ್ಟಿದ್ದಾರೆ, ಎಲ್‌ಕೆಜಿ ಯುಕೆಜಿ ನಡೆಸಲು ಗೌರವ ಶಿಕ್ಷಕಿಯರಿಗೆ ತಿಂಗಳ ಸಂಭಾವನೆ ಕೊಡುತ್ತಿದ್ದಾರೆ. ಅವರಿಗೆ ಕೈ ಮುಗಿಯುತ್ತೇನೆ. ಆದರೆ ದಾನ ಬರುವುದು ದಾನಿಗೆ ಕಂಡ ಕಡೆಗೆ. ಮಹಾದ್ವಾರಕ್ಕೆ, ವೇದಿಕೆಗೆ, ಹೆಸರು ಕೆತ್ತಬಹುದಾದ ಕೋಣೆಗೆ ಹಣ ಸಿಗುತ್ತದೆ. ಶೌಚಾಲಯ ತೊಳೆಯುವವರ ಸಂಬಳಕ್ಕೆ, ಪಂಪಿನ ರಿಪೇರಿಗೆ, ಖಾಲಿ ಬಿದ್ದ ಗಣಿತ ಶಿಕ್ಷಕರ ಹುದ್ದೆಗೆ ಸಿಗುವುದಿಲ್ಲ. ದಾನಿಗಳ ಮನೆ ಹತ್ತಿರವಿರುವ ಶಾಲೆ ಬೆಳಗುತ್ತದೆ. ಘಟ್ಟದ ಬುಡದ ಮಲೆಕುಡಿಯರ ಮಕ್ಕಳು ಬರುವ ಶಾಲೆಗೆ ಮುಂಬೈಯಲ್ಲಿ ಹಳೆ ವಿದ್ಯಾರ್ಥಿ ಸಂಘ ಇರುವುದಿಲ್ಲ. ಇದಕ್ಕಿಂತ ದೊಡ್ಡ ಅಪಾಯ ಏನೆಂದರೆ, ನಾವು ಕೊಡುತ್ತಾ ಹೋದಂತೆ ಸರ್ಕಾರದಿಂದ ಕೇಳಬೇಕಾದದ್ದನ್ನು ಕೇಳುವ ಅಭ್ಯಾಸ ತಪ್ಪಿಹೋಗುತ್ತದೆ.

2022ರ ಅಕ್ಟೋಬರ್‌ನಲ್ಲಿ ಏನಾಯಿತೆಂದು ನಿಮಗೆ ನೆನಪಿರಬಹುದು. ಸರ್ಕಾರಿ ಶಾಲೆಗಳ ಎಸ್‌ಡಿಎಂಸಿಗಳು ಒಪ್ಪುವ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಎಂದು ಇಲಾಖೆಯ ಸುತ್ತೋಲೆ ಬಂತು. ರಾಜ್ಯದ ಉದ್ದಗಲಕ್ಕೂ ವಿರೋಧ ಬಂದು ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡರು. ಹಿಂತೆಗೆದದ್ದು ಸರಿ. ಬೀಡಿ ಕಟ್ಟಿ ಸಂಸಾರ ನಡೆಸುವ ತಾಯಿಯ ಎರಡು ಮಕ್ಕಳಿಗೆ ತಿಂಗಳಿಗೆ 200 ರೂಪಾಯಿ ಎಂದರೆ ಸಣ್ಣ ಮೊತ್ತವಲ್ಲ. ಕೊಡಲಾಗದವರ ಮಕ್ಕಳು ತರಗತಿಯಲ್ಲಿ ತಲೆ ತಗ್ಗಿಸುವಂತಾಗುತ್ತದೆ. ಆದರೆ ಸುತ್ತೋಲೆ ಹೋದ ಮೇಲೆ ಚರ್ಚೆಯೂ ಹೋಯಿತು. ಅಷ್ಟು ಹಣದ ಕೊರತೆ ಯಾವ ಬಾಬ್ತಿನಲ್ಲಿ ಬಿದ್ದಿದೆ ಎಂದು ಯಾವ ಊರಿನಲ್ಲೂ ಕೂತು ಬರೆದದ್ದನ್ನು ನಾನು ನೋಡಲಿಲ್ಲ. ಮರುವರ್ಷ, 2023ರ ರಾಜ್ಯೋತ್ಸವದ ದಿನ, ಸರ್ಕಾರಿ ಶಾಲೆಗಳಿಗೆ ವಿದ್ಯುತ್ತು ಮತ್ತು ನೀರು ಉಚಿತ ಎಂದು ಮುಖ್ಯಮಂತ್ರಿಗಳು ಘೋಷಿಸಿದರು. ಅನುದಾನವನ್ನು ಕರೆಂಟು ಬಿಲ್ಲೇ ತಿನ್ನುತ್ತಿದೆ ಎಂದು ಶಿಕ್ಷಕರೂ ಸಮಿತಿಗಳೂ ವರ್ಷಗಳಿಂದ ಹೇಳುತ್ತಿದ್ದ ಮಾತು ಅದು. ಲೆಕ್ಕ ಹಿಡಿದು ಕೇಳುತ್ತಲೇ ಇದ್ದರೆ ಬದಲಾಗುತ್ತದೆ.

ನಮ್ಮವರಿಗೆ ಲೆಕ್ಕ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಒಂದು ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಬ್ರಹ್ಮಕಲಶಕ್ಕೆ ಊರು ಹೇಗೆ ಕೂರುತ್ತದೆ ನೋಡಿ. ಎರಡು ವರ್ಷ ಮೊದಲೇ ಅಂದಾಜುಪಟ್ಟಿ ಆಗುತ್ತದೆ, ವಠಾರಕ್ಕೊಂದು ಸಮಿತಿ, ಹೊರೆಕಾಣಿಕೆಗೆ ಬೇರೆ, ಊಟೋಪಚಾರಕ್ಕೆ ಬೇರೆ. ಮುಗಿದ ಮೇಲೆ ಲೆಕ್ಕಪತ್ರ ಮಂಡನೆಯ ಸಭೆ. ಒಂದು ಪೈಸೆಯ ವ್ಯತ್ಯಾಸ ಇದ್ದರೂ ಎದ್ದು ಕೇಳುವವರು ಇರುತ್ತಾರೆ. ಹಾಲಿನ ಸೊಸೈಟಿಯ ಮಹಾಸಭೆಯಲ್ಲಿ ಬೋನಸ್ಸಿನ ಬಗ್ಗೆ ಎಷ್ಟು ಕರಾರುವಾಕ್ಕಾಗಿ ಪ್ರಶ್ನೆ ಬರುತ್ತದೆ! ಇದೇ ಜನ ಶಾಲೆಯ ಸಭೆಯಲ್ಲಿ ಮಾತಾಡದೆ ಸಹಿ ಹಾಕಿ ಬರುತ್ತಾರೆ. ಅಲ್ಲಿ ನಮ್ಮನ್ನು ಕೇಳುವುದಿಲ್ಲ, ಕೇಳಿದರೂ ನಡೆಯುವುದಿಲ್ಲ ಎಂಬ ಭಾವನೆ ಗಟ್ಟಿಯಾಗಿ ಕೂತಿರುವುದೇ ಇದಕ್ಕೆ ಕಾರಣ.

ಆ ಭಾವನೆ ಸುಮ್ಮನೆ ಹುಟ್ಟಿದ್ದಲ್ಲ. ಕರ್ನಾಟಕದಲ್ಲಿ ಎಸ್‌ಡಿಎಂಸಿ ಬಂದದ್ದು ಶಿಕ್ಷಣ ಹಕ್ಕು ಕಾಯ್ದೆಗಿಂತ ಎಷ್ಟೋ ಮೊದಲು. ಡಾ. ರಾಜಾ ರಾಮಣ್ಣ ಅವರ ನೇತೃತ್ವದ ಕಾರ್ಯಪಡೆಯ ಶಿಫಾರಸಿನಂತೆ 2001ರ ಏಪ್ರಿಲ್‌ನಲ್ಲಿ ಸರ್ಕಾರ ಆದೇಶ ಮಾಡಿತು. ಪೋಷಕರೇ ತಮ್ಮೊಳಗಿನಿಂದ ಆರಿಸಿದ ಸಮಿತಿ ಶಾಲೆಯನ್ನು ನೋಡಿಕೊಳ್ಳುವುದು ದೇಶಕ್ಕೆ ಮಾದರಿಯಾಗಬಹುದಾದ ಹೆಜ್ಜೆಯಾಗಿತ್ತು. ಆದರೆ ಸಮಿತಿಯನ್ನು ಇಲಾಖೆ ಕರೆದದ್ದು ಹೆಚ್ಚಾಗಿ ಸಹಿಗೆ, ಸ್ವಾತಂತ್ರ್ಯೋತ್ಸವದ ಸಿಹಿತಿಂಡಿಗೆ, ವಾರ್ಷಿಕೋತ್ಸವದ ವಂತಿಗೆಗೆ. ನಾನು ಪೋಷಕ ಸದಸ್ಯನಾಗಿದ್ದ ಒಂದು ಶಾಲೆಯಲ್ಲಿ ಮೂರು ವರ್ಷದ ಯೋಜನೆಯ ನಮೂನೆ ಸಂಜೆಗೆ ಬಂತು, ಮರುದಿನ ಬೆಳಿಗ್ಗೆ ತುಂಬಿ ಕೊಡಬೇಕೆಂದು ಸೂಚನೆ ಇತ್ತು. ಮುಖ್ಯ ಶಿಕ್ಷಕಿ ರಾತ್ರಿ ಕೂತು ಹಿಂದಿನ ವರ್ಷದ್ದನ್ನು ನೋಡಿ ಬರೆದರು. ಅವರನ್ನು ನಾನು ದೂರಲಾರೆ. ಎರಡು ತರಗತಿಗೆ ಒಟ್ಟಿಗೆ ಪಾಠ ಮಾಡಿ, ಬಿಸಿಯೂಟದ ಲೆಕ್ಕ ಬರೆದು, ಮೊಬೈಲಿನಲ್ಲಿ ಹತ್ತು ತಂತ್ರಾಂಶಗಳಿಗೆ ಮಾಹಿತಿ ತುಂಬಿ ಬಂದವರು ಅವರು. ಆ ನಮೂನೆಗೆ ನಾವು ಸಹಿ ಹಾಕಿದೆವು. ಅದರ ಮೇಲೆ ಏನಾಯಿತು, ಯಾವುದು ಮಂಜೂರಾಯಿತು, ಯಾವುದು ಬಿತ್ತು ಎಂದು ಒಂದು ಸಾಲಿನ ಉತ್ತರವೂ ಕೆಳಗೆ ಬರಲಿಲ್ಲ. ಉತ್ತರ ಬಾರದ ಅರ್ಜಿಯನ್ನು ಜನ ಎಷ್ಟು ಸಲ ಬರೆದಾರು?

ಸಭೆ ನಡೆಯುವ ಹೊತ್ತನ್ನೂ ನೋಡಿ. ಕಾರ್ಕಳ ತಾಲೂಕಿನ ಎಷ್ಟೋ ತಾಯಂದಿರು ಗೇರುಬೀಜದ ಕಾರ್ಖಾನೆಗೆ ಹೋಗುತ್ತಾರೆ, ತಂದೆಯರು ರಬ್ಬರ್ ಟ್ಯಾಪಿಂಗಿಗೆ, ಗಾರೆ ಕೆಲಸಕ್ಕೆ. ವಾರದ ನಡುವೆ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಇಟ್ಟರೆ ಬರುವವರು ಕೂಲಿ ಕಳೆದುಕೊಳ್ಳಬೇಕಾಗಿಲ್ಲದವರು ಮಾತ್ರ. ಸಮಿತಿಯಲ್ಲಿ ಅರ್ಧ ಮಹಿಳೆಯರು ಎಂಬ ಕಾನೂನು ಹಾಜರಿ ಪುಸ್ತಕದಲ್ಲಿ ಪೂರ್ತಿಯಾಗುತ್ತದೆ, ಮಾತಿನಲ್ಲಿ ಆಗುವುದಿಲ್ಲ. ಭಾನುವಾರ ಸಂಜೆ ಇಡಿ. ಚರ್ಚೆ ತುಳುವಿನಲ್ಲಿ ನಡೆಯಲಿ. ನಡಾವಳಿ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದರಾಯಿತು. ಹೊರ ಜಿಲ್ಲೆಗಳಿಂದ, ಹೊರ ರಾಜ್ಯಗಳಿಂದ ಕೆಲಸಕ್ಕೆ ಬಂದವರ ಮಕ್ಕಳು ಇವತ್ತು ನಮ್ಮ ಶಾಲೆಗಳಲ್ಲಿದ್ದಾರೆ. ಅವರ ತಂದೆ ತಾಯಿಯನ್ನೂ ಕರೆದು ಕೂರಿಸಿ.

ಸಮಿತಿಯಾಚೆ ಇಡೀ ಊರಿಗೆ ಇರುವ ಜಾಗ ಗ್ರಾಮಸಭೆ. 2015ರಿಂದ ಈಚೆಗೆ ಗ್ರಾಮ ಪಂಚಾಯತ್‌ಗಳು ‘ನಮ್ಮ ಗ್ರಾಮ ನಮ್ಮ ಯೋಜನೆ’ ಎಂದು ವಾರ್ಷಿಕ ಯೋಜನೆ ಮಾಡುತ್ತಿವೆ. ಹೆಚ್ಚಾಗಿ ಅಕ್ಟೋಬರ್‌ನಿಂದ ಅದರ ಸಭೆಗಳು ಶುರು. ಹಣಕಾಸು ಆಯೋಗದ ಅನುದಾನದಲ್ಲಿ ಕುಡಿಯುವ ನೀರು, ನೈರ್ಮಲ್ಯಕ್ಕೆಂದೇ ಮೀಸಲಾದ ಪಾಲಿದೆ. ಉದ್ಯೋಗ ಖಾತರಿಯಲ್ಲಿ ರಾಜ್ಯದ ಎಷ್ಟೋ ಶಾಲೆಗಳಿಗೆ ಕಾಂಪೌಂಡು, ಆಟದ ಬಯಲು, ಅಡುಗೆ ಕೋಣೆ, ಶೌಚಾಲಯ ಆಗಿವೆ. ಇವೆಲ್ಲ ಆದದ್ದು ಯಾರೋ ಒಬ್ಬರು ಸಭೆಯಲ್ಲಿ ಎದ್ದು ಶಾಲೆಯ ಹೆಸರು ಹೇಳಿ ಪಟ್ಟಿಗೆ ಸೇರಿಸಿದ್ದರಿಂದ. ಶಾಲೆಯ ಯೋಜನೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಮಾತ್ರ ಹೋಗಿ, ಪಂಚಾಯತ್ ಯೋಜನೆಯಲ್ಲಿ ಶಾಲೆಯ ಸುದ್ದಿಯೇ ಇಲ್ಲದಿದ್ದರೆ ಎರಡೂ ಅರೆಬರೆ. ಶಾಲೆಗೆ ಹೋಗುವ ದಾರಿ ಯಾರ ಬಾಬ್ತು? 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಪುಟ್ಟ ಬಾಲಕಿ ಕಾಲುಸಂಕದಿಂದ ಜಾರಿ ನೀರುಪಾಲಾದಳು. ಶಿಕ್ಷಣ ಇಲಾಖೆಯ ಯಾವ ಅನುದಾನದಲ್ಲೂ ಕಾಲುಸಂಕದ ಕಲಂ ಇಲ್ಲ. ಅದು ಗ್ರಾಮಸಭೆಯಲ್ಲೇ ಬರಬೇಕು, ಶಾಲೆಯ ಬೇಡಿಕೆಯಾಗಿಯೇ ಬರಬೇಕು.

ಈ ವಿಷಯದಲ್ಲಿ ನಮಗೆ ದಾರಿ ತೋರಿಸಿದವರು ನಮ್ಮ ಜಿಲ್ಲೆಯ ಮಕ್ಕಳು. ಕುಂದಾಪುರ ತಾಲೂಕಿನ ಕೆರಾಡಿಯಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯತ್ ನಡೆಯಿತು. ಮಕ್ಕಳು ತಾವೇ ಮಾಹಿತಿ ಕಲೆಹಾಕಿ ದೊಡ್ಡವರ ಪಂಚಾಯತ್ ಮುಂದೆ ಇಟ್ಟರು. ಅಂಥ ಪ್ರಯೋಗಗಳ ಬೆನ್ನಿಗೆ 2006ರಲ್ಲಿ ಮಕ್ಕಳ ಗ್ರಾಮಸಭೆಯನ್ನು ರಾಜ್ಯದ ಎಲ್ಲ ಪಂಚಾಯತ್‌ಗಳಲ್ಲೂ ನಡೆಸುವಂತೆ ಆದೇಶ ಬಂತು. ನವೆಂಬರ್ ತಿಂಗಳ ಸುಮಾರಿಗೆ ನಮ್ಮಲ್ಲೂ ನಡೆಯುತ್ತದೆ. ಮಕ್ಕಳು ಮೈಕಿನ ಮುಂದೆ ನಿಂತು ನೀರು ಬೇಕು, ಬಸ್ಸು ನಿಲ್ಲಿಸಬೇಕು ಎನ್ನುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ. ಆ ಬೇಡಿಕೆಗಳು ಪಂಚಾಯತ್‌ನ ಆ ವರ್ಷದ ಕ್ರಿಯಾಯೋಜನೆಯೊಳಗೆ ಸೇರಬೇಕು. ಚಪ್ಪಾಳೆ ಸಾಲದು.

ನಮ್ಮೂರಿನವರು ಎಷ್ಟೋ ಮಂದಿ ಅಮೆರಿಕದಲ್ಲಿ ನೆಲೆಸಿದ್ದಾರೆ. ಅಲ್ಲಿನ ಶಾಲಾ ಜಿಲ್ಲೆಗಳ ಪದ್ಧತಿಯನ್ನು ಅವರು ಬಲ್ಲರು. ನ್ಯೂಯಾರ್ಕ್ ರಾಜ್ಯದಲ್ಲಿ, ದೊಡ್ಡ ನಗರಗಳನ್ನು ಬಿಟ್ಟು, ಶಾಲಾ ಬಜೆಟ್ಟಿನ ಬಗ್ಗೆ ಮೊದಲು ಸಾರ್ವಜನಿಕ ವಿಚಾರಣೆ, ಆಮೇಲೆ ಮೇ ತಿಂಗಳ ಮೂರನೇ ಮಂಗಳವಾರ ಮತದಾನ. ಜನ ಬೇಡವೆಂದರೆ ಇನ್ನೊಮ್ಮೆ ಕೇಳಬಹುದು. ಎರಡನೇ ಸಲವೂ ಬಿದ್ದರೆ ತೆರಿಗೆ ಏರಿಸದೆ ನಡೆಸಬೇಕು. ಹೀಗೆ ನೇರವಾಗಿ ಕೇಳುವ ಧೈರ್ಯ ನನಗೆ ಮೆಚ್ಚುಗೆ. ಆದರೆ ಅಲ್ಲಿ ಶಾಲೆಯ ಹಣಕ್ಕೆ ದೊಡ್ಡ ಆಧಾರ ಆ ಊರಿನ ಆಸ್ತಿತೆರಿಗೆ. ಬಂಗಲೆಗಳ ಊರಿಗೆ ಸಿರಿವಂತ ಶಾಲೆ, ಬಡವರ ಬಡಾವಣೆಗೆ ಬಡ ಶಾಲೆ. ಟೆಕ್ಸಾಸಿನ ಎಡ್ಜ್‌ವುಡ್ ಎಂಬಲ್ಲಿನ ಪೋಷಕರು ಇದು ಅನ್ಯಾಯ ಎಂದು ಸುಪ್ರೀಂ ಕೋರ್ಟಿನವರೆಗೆ ಹೋಗಿ 1973ರಲ್ಲಿ ಒಂದೇ ಮತದ ಅಂತರದಿಂದ ಸೋತರು. ನಮ್ಮಲ್ಲಿ ಮುಡಾರು ಗ್ರಾಮದ ಶಿಕ್ಷಕರಿಗೂ ಮಣಿಪಾಲದ ಶಿಕ್ಷಕರಿಗೂ ಸಂಬಳ ಒಂದೇ ಖಜಾನೆಯಿಂದ ಬರುತ್ತದೆ. ಇದನ್ನು ಕಳೆದುಕೊಳ್ಳಬಾರದು. ಹಣ ರಾಜ್ಯದ್ದು, ಮಾತು ಊರಿನದು ಎಂಬಂತೆ ಎರಡನ್ನೂ ಜೋಡಿಸಬೇಕು. ಪಕ್ಕದ ಕೇರಳ ಇದಕ್ಕೆ ಹತ್ತಿರ ಬಂದಿದೆ. ಅಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗಳನ್ನು ಗ್ರಾಮ ಪಂಚಾಯತ್‌ಗಳಿಗೆ, ಹೈಸ್ಕೂಲುಗಳನ್ನು ಜಿಲ್ಲಾ ಪಂಚಾಯತ್‌ಗಳಿಗೆ ಒಪ್ಪಿಸಿ, 1996ರ ಜನಕೀಯ ಯೋಜನೆಯಲ್ಲಿ ರಾಜ್ಯದ ಯೋಜನಾ ಹಣದ ಮೂರನೇ ಒಂದಕ್ಕಿಂತ ಹೆಚ್ಚು ಪಾಲನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟರು. ಕಾಸರಗೋಡಿನ ಕನ್ನಡ ಶಾಲೆಗಳಿಗೂ ಈ ವ್ಯವಸ್ಥೆಯೇ ಅನ್ವಯ.

ಮಕ್ಕಳ ಸಂಖ್ಯೆ ಇಳಿದ ಶಾಲೆಗಳನ್ನು ಕರ್ನಾಟಕ ಪಬ್ಲಿಕ್ ಶಾಲೆಗಳಂಥ ದೊಡ್ಡ ಶಾಲೆಗಳ ಕಡೆಗೆ ಸೇರಿಸುವ ಮಾತು ಈಗ ಜೋರಾಗಿದೆ. ದೊಡ್ಡ ಶಾಲೆಯಿಂದ ಲಾಭವಿಲ್ಲ ಎಂದು ನಾನು ಹೇಳುವುದಿಲ್ಲ. ವಿಷಯಕ್ಕೊಬ್ಬ ಶಿಕ್ಷಕರು ಸಿಗುತ್ತಾರೆ, ಲ್ಯಾಬು ಸಿಗುತ್ತದೆ. ಆದರೆ ಮಳೆಗಾಲದಲ್ಲಿ ಆರು ವರ್ಷದ ಮಗು ಅಲ್ಲಿಗೆ ತಲುಪುವುದು ಹೇಗೆ, ವಾಹನದ ಖರ್ಚು ಯಾರದು, ಆ ಖರ್ಚು ಯಾವ ವರ್ಷದವರೆಗೆ ನಡೆಯುತ್ತದೆ ಎಂದು ಆ ಮಗುವಿನ ತಾಯಿಯ ಎದುರು ಅಂಕಿ ಇಟ್ಟು ಹೇಳಿದ ಮೇಲೆಯೇ ತೀರ್ಮಾನ ಆಗಬೇಕು. ಶಾಲೆ ಮುಚ್ಚುವುದು ಕೂಡ ಬಜೆಟ್ಟಿನ ತೀರ್ಮಾನ. ಅದನ್ನು ಊರಿಗೆ ಆದೇಶದ ರೂಪದಲ್ಲಿ ತಿಳಿಸುವುದು ತಪ್ಪು.

ಹಾಗಾದರೆ ನಾವೇನು ಮಾಡಬಹುದು? ಮಕ್ಕಳ ದಾಖಲಾತಿ ಲೆಕ್ಕ ಸೆಪ್ಟೆಂಬರ್ 30ರ ಹೊತ್ತಿಗೆ ಗಟ್ಟಿಯಾಗುತ್ತದೆ. ಅದಕ್ಕೆ ಮೊದಲು, ಮಳೆ ಇನ್ನೂ ಇರುವಾಗಲೇ, ಸಮಿತಿಯವರೂ ಆಸಕ್ತಿಯಿರುವ ಊರವರೂ ಒಂದು ಭಾನುವಾರ ಶಾಲೆಯನ್ನು ಸುತ್ತಿ ನೋಡಿ. ಎಲ್ಲಿ ಸೋರುತ್ತದೆ ಎಂದು ಜನವರಿಯಲ್ಲಿ ಕಾಣುವುದಿಲ್ಲ. ಏನು ಬೇಕು, ಯಾವುದು ಮೊದಲು, ಎಷ್ಟಾಗುತ್ತದೆ ಎಂದು ಎರಡು ಪುಟದಲ್ಲಿ ಬರೆಯಿರಿ. ಶಿಕ್ಷಕರ ಕೊರತೆಯನ್ನೂ ಬರೆಯಿರಿ. ಐದನೇ ತರಗತಿಯವರೆಗೆ 60 ಮಕ್ಕಳಿಗೆ ಇಬ್ಬರು, 90ಕ್ಕೆ ಮೂವರು ಎಂದು ಕಾಯ್ದೆಯ ಅನುಸೂಚಿಯಲ್ಲೇ ಇದೆ. ದಾನಿಗಳನ್ನು ಅದೇ ಸಭೆಗೆ ಕರೆಯಿರಿ. ಆ ಪಟ್ಟಿಯಲ್ಲಿ ಸರ್ಕಾರ ಮಾಡಬೇಕಾದದ್ದು ಇದು, ನಾವು ಮಾಡಿಕೊಳ್ಳಬಹುದಾದದ್ದು ಇದು ಎಂದು ಬೇರೆ ಮಾಡಿ ತೋರಿಸಿದರೆ ಮಹಾದ್ವಾರದ ಹಣ ಶೌಚಾಲಯದ ಕಡೆ ತಿರುಗುವುದನ್ನು ನೀವೇ ನೋಡುತ್ತೀರಿ. ಠರಾವು ಮಾಡಿ ಒಂದು ಪ್ರತಿ ಪಂಚಾಯತ್‌ಗೆ, ಒಂದು ಬಿಇಒ ಕಚೇರಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಮಾರ್ಚ್ ಮುಗಿದ ಮೇಲೆ ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಶಾಲೆಯ ಗೋಡೆಗೆ ಹಚ್ಚಿ, ದಾನದ ಹಣವನ್ನೂ ಸೇರಿಸಿ.

ಇಲಾಖೆಯವರಿಗೆ ನನ್ನ ಪ್ರಾರ್ಥನೆ ಒಂದೇ: ಪ್ರತಿ ಶಾಲೆಯ ಯೋಜನೆಗೆ ಲಿಖಿತ ಉತ್ತರ ಕೊಡಿ. ಆಗುವುದಿಲ್ಲ ಎಂದಾದರೂ ಬರೆಯಿರಿ, ಯಾಕೆ ಆಗುವುದಿಲ್ಲ ಎಂದು ಒಂದು ಸಾಲು ಬರೆಯಿರಿ. ಇಲ್ಲಿ ಕುಳಿತ ನಿಮ್ಮೆಲ್ಲರಲ್ಲಿ, ಮಕ್ಕಳು ಸರ್ಕಾರಿ ಶಾಲೆಯಲ್ಲಿ ಇರಲಿ ಬಿಡಲಿ, ನಾನು ಕೇಳಿಕೊಳ್ಳುವುದೂ ಒಂದೇ. ಮುಂದಿನ ಗ್ರಾಮಸಭೆಗೆ ಹೋಗುವಾಗ ನಿಮ್ಮ ಹತ್ತಿರದ ಸರ್ಕಾರಿ ಶಾಲೆಯ ಯೋಜನೆಯ ಒಂದು ಪ್ರತಿಯನ್ನು ಕೇಳಿ ಪಡೆದು ಕೈಯಲ್ಲಿ ಹಿಡಿದು ಹೋಗಿ, ಅದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸಿ.